ಸಂಸತ್ತಿನ ಸಮಿತಿಯ ಮುಂದೆ ಯಾರು ಹೇಳಿಕೆ ಕೊಡಬಹುದು?

ದಿಲ್ಲಿಯಲ್ಲಿ ಒಂದು ಕಾಯಿದೆ ಆಗುವುದಕ್ಕೆ ಮೊದಲು ಹಳ್ಳಿಯ ಜನರ ಮಾತನ್ನು ಕೇಳುವ ಏರ್ಪಾಡು ಉಂಟೆ ಎಂದು ರೈತ ಬಾಂಧವರು ಕೇಳುವುದುಂಟು. ಏರ್ಪಾಡು ಇದೆ. ಆದರೆ ಅದರ ಬಾಗಿಲು ಎಲ್ಲಿದೆಯೆಂದು ತಿಳಿದವರು ಕಡಿಮೆ.

ಎಲ್ಲ ವಿಷಯವನ್ನೂ ಕೂಲಂಕಷವಾಗಿ ನೋಡಲು ಲೋಕಸಭೆ, ರಾಜ್ಯಸಭೆಗಳಿಗೆ ವೇಳೆ ಸಾಲದು. ಆದ್ದರಿಂದ 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಏರ್ಪಟ್ಟವು. ಆಗ 17 ಇದ್ದವು. 2004ರಲ್ಲಿ 24 ಆದವು. ಒಂದೊಂದರಲ್ಲಿಯೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುತ್ತಾರೆ. ಮಂತ್ರಿಗಳು ಸದಸ್ಯರಾಗುವಂತಿಲ್ಲ. ವ್ಯವಸಾಯಕ್ಕೆ ಒಂದು ಸಮಿತಿ, ಗ್ರಾಮಾಭಿವೃದ್ಧಿಗೆ ಒಂದು ಸಮಿತಿ ಇವೆ.

ಮಸೂದೆ ಸಮಿತಿಗೆ ಬಂದರೆ, ಸಾರ್ವಜನಿಕರ ಅಭಿಪ್ರಾಯ ಬೇಡಿ ಸಾಮಾನ್ಯವಾಗಿ ವೃತ್ತಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಯಾರು ಬೇಕಾದರೂ ಬರೆದು ಕಳುಹಿಸಬಹುದು. ಪದವಿಯಾಗಲಿ, ಸಂಘದ ಮುದ್ರೆಯಾಗಲಿ ಬೇಕಿಲ್ಲ. ಖುದ್ದಾಗಿ ಹೇಳಿಕೆ ಕೊಡುವ ಇಚ್ಛೆಯಿದ್ದರೆ ಅದನ್ನೂ ಅದರಲ್ಲಿಯೇ ಕಾಣಿಸಬೇಕು. ಯಾರನ್ನು ಕರೆಯಬೇಕೆಂಬುದು ಮಾತ್ರ ಸಮಿತಿಯ ಇಷ್ಟ. ಅಭಿಪ್ರಾಯವನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಕೇಳುವುದೇ ವಾಡಿಕೆ, ಅವಧಿಯೂ ಹದಿನೈದು ದಿನದಂತೆ ಅಲ್ಪ. ಕನ್ನಡದ ರೈತನಿಗೆ ಇದು ನಿಜವಾದ ತೊಡಕು. ಊರಿನ ಶಾಲಾ ಉಪಾಧ್ಯಾಯರು ಇಂಥ ಕಡೆ ಬಹಳ ಸಹಾಯ ಮಾಡಬಲ್ಲರು.

ಸಾಕ್ಷಿ ಎಂದೊಡನೆ ಕೋರ್ಟು ಕಚೇರಿಯ ನೆನಪಾಗಿ ನಮ್ಮ ಜನ ಹಿಂಜರಿಯುತ್ತಾರೆ. ಇಲ್ಲಿ ಯಾರೂ ಆರೋಪಿಯಲ್ಲ. ಹೇಳಿಕೆ ಕೊಟ್ಟವನನ್ನು ಅದಕ್ಕಾಗಿ ಬೆದರಿಸುವುದು ಸದನದ ಹಕ್ಕುಚ್ಯುತಿ. ಬೇಕೆಂದೇ ಸುಳ್ಳು ಹೇಳುವುದೂ ಹಾಗೆಯೇ. ಇಲಾಖೆಯ ಪರವಾಗಿ ಕಾರ್ಯದರ್ಶಿಗಳು ಬಂದು ಉತ್ತರಿಸುತ್ತಾರೆ. ಕಾಗದಪತ್ರಗಳನ್ನು ತರಿಸುವ ಅಧಿಕಾರ ಸಮಿತಿಗುಂಟು. ಆದರೆ ರಾಜ್ಯದ ಸುರಕ್ಷತೆಗೆ ಅಥವಾ ಹಿತಕ್ಕೆ ಬಾಧಕವೆಂದು ಸರ್ಕಾರ ದಾಖಲೆಯೊಂದನ್ನು ತಡೆಹಿಡಿಯಬಹುದು.

ಸಮಿತಿಯ ಸಭೆಗಳು ಮುಚ್ಚಿದ ಬಾಗಿಲಿನೊಳಗೆ ನಡೆಯುತ್ತವೆ. ವರದಿಯನ್ನು ಸದನದ ಮುಂದಿಡುವವರೆಗೆ ಹೇಳಿಕೆಗಳು ಗುಟ್ಟಾಗಿರುತ್ತವೆ. ಹೀಗಿರುವುದರಿಂದ ಸದಸ್ಯರು ಪಕ್ಷ ಮರೆತು ಮಾತನಾಡುತ್ತಾರೆಂದು ಸಮರ್ಥಿಸುವವರಿದ್ದಾರೆ. ಅದರಲ್ಲಿ ಹುರುಳಿದೆ. ಆದರೂ ತನ್ನ ಹೊಲದ ವಿಷಯದಲ್ಲಿ ಯಾರು ಏನು ಹೇಳಿದರೆಂಬುದು ರೈತನಿಗೆ ತಡವಾಗಿ ತಿಳಿಯುತ್ತದೆಂಬುದು ಸುಳ್ಳಲ್ಲ.

ಈ ಏರ್ಪಾಡು ಚೆನ್ನಾಗಿ ನಡೆದದ್ದಕ್ಕೆ ಒಂದು ನಿದರ್ಶನ ಕುಲಾಂತರಿ ಬೆಳೆಗಳ ವಿಚಾರಣೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪಾಲುಗೊಂಡು ಸಿದ್ಧವಾಗಿದ್ದ ಬಿ.ಟಿ. ಬದನೆಯನ್ನು 2010ರಲ್ಲಿ ಕೇಂದ್ರ ಸರ್ಕಾರ ತಡೆದಿತ್ತು. ಬಸುದೇವ ಆಚಾರ್ಯರ ಅಧ್ಯಕ್ಷತೆಯ ವ್ಯವಸಾಯ ಸಮಿತಿ ಈ ವಿಷಯವನ್ನು ಕೈಗೆತ್ತಿಕೊಂಡು ನೂರಾರು ಲಿಖಿತ ಅಭಿಪ್ರಾಯಗಳನ್ನು ಪಡೆಯಿತು. ವಿಜ್ಞಾನಿಗಳ ಮಾತನ್ನು ಕೇಳಿದ್ದಲ್ಲದೆ, ವಿದರ್ಭದ ಹಳ್ಳಿಗೆ ತಾನೇ ಹೋಗಿ ಹತ್ತಿ ಬೆಳೆಗಾರರ ಕಷ್ಟವನ್ನೂ ಕೇಳಿತು. 2012ರ ಆಗಸ್ಟಿನಲ್ಲಿ ಬಂದ ವರದಿ ಬಯಲು ಪ್ರಯೋಗಗಳನ್ನು ನಿಲ್ಲಿಸಬೇಕೆಂದಿತು. ಇಂಥ ಶಿಫಾರಸು ಸರ್ಕಾರವನ್ನು ಕಟ್ಟಿಹಾಕದು. ಆದರೆ ತಾನೇನು ಕ್ರಮ ಕೈಗೊಂಡೆನೆಂದು ಸರ್ಕಾರ ಮೂರು ತಿಂಗಳೊಳಗೆ ಸಮಿತಿಗೆ ತಿಳಿಸಬೇಕು.

ಮಸೂದೆ ಸಮಿತಿಗೆ ಹೋಗದಿದ್ದರೆ ಈ ಯಾವ ಮಾತೂ ಇಲ್ಲ. 2009-14ರ ಲೋಕಸಭೆಯ ಕಾಲದಲ್ಲಿ ನೂರಕ್ಕೆ ಸುಮಾರು 71 ಮಸೂದೆಗಳು ಸಮಿತಿಗೆ ಹೋಗಿದ್ದವು. 2019-24ರಲ್ಲಿ ಸುಮಾರು 16 ಮಾತ್ರ. 2020ರ ಮೂರು ಕೃಷಿ ಕಾಯಿದೆಗಳು ಸಮಿತಿಯನ್ನು ಕಾಣದೆ ಪಾಸಾದವು. ಕೋಣೆಯೊಳಗೆ ಕೇಳಬಹುದಾಗಿದ್ದ ಮಾತನ್ನು ರೈತರು ದಿಲ್ಲಿಯ ಗಡಿಯ ರಸ್ತೆಗಳಲ್ಲಿ ಕುಳಿತು ಹೇಳಬೇಕಾಯಿತು. 2021ರಲ್ಲಿ ಅವು ರದ್ದಾದವು.

ಇನ್ನೊಂದು ದಾರಿಯುಂಟು: ಲೋಕಸಭೆಯ ಅರ್ಜಿಗಳ ಸಮಿತಿ. ಸದನದ ಮುಂದಿರುವ ಮಸೂದೆಯ ಮೇಲೆ, ಅಥವಾ ಸಾರ್ವಜನಿಕ ಹಿತದ ವಿಷಯದಲ್ಲಿ ಲೋಕಸಭೆಗೆ ಅರ್ಜಿ ಸಲ್ಲಿಸಬಹುದು. ಭಾಷೆ ಸಭ್ಯವಾಗಿರಬೇಕು, ಸದಸ್ಯರೊಬ್ಬರು ಮಂಡಿಸುವ ಅರ್ಜಿಗೆ ಅವರ ಮೇಲುರುಜು ಬೇಕು. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದವನ್ನು ಜೊತೆಗಿಡಬೇಕು. ಓದುಬರಹ ಬಾರದವರು ಹೆಬ್ಬೆಟ್ಟು ಒತ್ತಿದರೂ ಸಾಕು.