ಅದೇ ಆಟ, ಎರಡು ತೀರ್ಪು

ಒಕಿನಾವಾದ ಕಡಲ ದಂಡೆ. ಬೆನ್ನ ತುಂಬ ಡ್ರ್ಯಾಗನ್ ಹಚ್ಚೆ ಹಾಕಿಸಿಕೊಂಡ ಗಟ್ಟಿ ಆಳೊಬ್ಬ ಹೂಹೂವಿನ ಅಂಗಿ ತೊಟ್ಟು ಒಂಬತ್ತು ಅನಾಥ ಮಕ್ಕಳ ನಡುವೆ ನಿಂತಿದ್ದಾನೆ. ಒಂದು ಕಾಲಕ್ಕೆ ಟೋಕಿಯೋದ ತೋಜೊ ಎಂಬ ಯಾಕುಜಾ, ಅಂದರೆ ಭೂಗತ ಪಾತಕಿಗಳ, ಕೂಟದ ನಾಲ್ಕನೇ ಮುಖ್ಯಸ್ಥನಾಗಿದ್ದವನು. ಈಗ ಅವನ ತಲೆಬಿಸಿಯೇ ಬೇರೆ. ಕುಸ್ತಿಪಟು ಆಗಬೇಕೆಂದು ಹಟ ಹಿಡಿದ ತಾಯ್ಚಿಗೆ ಬುದ್ಧಿ ಹೇಳಬೇಕು. ಕೈಮೇಲಿನ ಸುಟ್ಟ ಗಾಯದ ಗುರುತಿಗೆ ಮುದುಡಿಕೊಳ್ಳುವ ರಿಯೋನಾಳಿಗೆ ಧೈರ್ಯ ತುಂಬಬೇಕು. ಗಾಯಗೊಂಡ ಬೀದಿನಾಯಿಯೊಂದಕ್ಕೆ ದಿಕ್ಕು ಕಾಣಿಸಬೇಕು. ಅಪರಾಧ ಲೋಕದ ಹೊಡೆದಾಟದ ಆಟವೆಂದು ದುಡ್ಡು ಕೊಟ್ಟು ತಂದವನಿಗೆ ಮೊದಲ ಕೆಲವು ಗಂಟೆ ಸಿಗುವುದು ಇದೇ.

ಇದು 'ಯಾಕುಜಾ 3'. ಜಪಾನಿನಲ್ಲಿ ಇದರ ಹೆಸರು 'ರ್ಯು ಗ ಗೊಟೊಕು 3', ಅಂದರೆ 'ಡ್ರ್ಯಾಗನ್‌ನಂತೆ'. ಸೆಗಾ ಕಂಪನಿ 2009ರ ಫೆಬ್ರುವರಿಯಲ್ಲಿ ಪ್ಲೇಸ್ಟೇಷನ್ 3ಕ್ಕಾಗಿ ಇದನ್ನು ಅಲ್ಲಿ ಬಿಡುಗಡೆ ಮಾಡಿತು. ಹತ್ತು ವರ್ಷದ ಬಳಿಕ ಇದನ್ನೂ ಇದರ ಮುಂದಿನ ಎರಡು ಭಾಗಗಳನ್ನೂ ಒರೆಸಿ ತೊಳೆದು 'ಯಾಕುಜಾ ರಿಮಾಸ್ಟರ್ಡ್ ಕಲೆಕ್ಷನ್' ಎಂದು ಪಶ್ಚಿಮದ ದೇಶಗಳಿಗೆ ಕೊಟ್ಟಿತು. ಒಂದೇ ಆಟ ವಿಮರ್ಶಕರ ಮುಂದೆ ಎರಡು ಸಲ ನಿಂತಿತು. ಆ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆಟದ ಬಗ್ಗೆ ತಿಳಿಯುವುದಕ್ಕಿಂತ ನೋಡುವವರ ಕಣ್ಣಿನ ಬಗ್ಗೆಯೇ ಹೆಚ್ಚು ತಿಳಿಯುತ್ತದೆ ಎಂದು ನನ್ನ ಅನಿಸಿಕೆ.

ಸರಣಿ ಶುರುವಾದದ್ದು 2005ರ ಡಿಸೆಂಬರಿನಲ್ಲಿ, ಪ್ಲೇಸ್ಟೇಷನ್ 2ರಲ್ಲಿ. ತೋಶಿಹಿರೊ ನಗೋಶಿ ಇದರ ಜನಕ. ಅಪರಾಧ ಕಾದಂಬರಿಗಳಿಗೆ ಹೆಸರಾದ ಹಾಸೆ ಸೇಶು ಕಥೆಗೆ ಕೈಜೋಡಿಸಿದ್ದರು. ಟೋಕಿಯೋದ ಶಿಂಜುಕುವಿನಲ್ಲಿರುವ ಕಬುಕಿಚೊ ಎಂಬ ರಾತ್ರಿಬದುಕಿನ ಬೀದಿಗಳನ್ನು ಕಾಮುರೊಚೊ ಎಂಬ ಕಲ್ಪಿತ ಹೆಸರಿನಲ್ಲಿ ಗಲ್ಲಿ ಗಲ್ಲಿ ಬಿಡದೆ ಕಟ್ಟಿದರು. ಮೊದಲ ಆಟ 2006ರಲ್ಲಿ ಅಮೆರಿಕಕ್ಕೆ ಹೋದಾಗ ಮಾರ್ಕ್ ಹ್ಯಾಮಿಲ್, ಮೈಕೆಲ್ ಮ್ಯಾಡ್ಸನ್ ಅವರಂಥ ಹಾಲಿವುಡ್ ನಟರಿಂದ ಇಂಗ್ಲಿಷ್ ದನಿ ಕೊಡಿಸಿದ್ದರು. ಆ ಖರ್ಚಿಗೆ ತಕ್ಕ ಗಳಿಕೆ ಬರಲಿಲ್ಲ. ಎರಡನೇ ಭಾಗದಿಂದ ಜಪಾನಿ ದನಿಯನ್ನೇ ಉಳಿಸಿಕೊಂಡು ಕೆಳಗೆ ಅಡಿಬರಹ ಹಾಕುವುದಕ್ಕೆ ತೃಪ್ತಿಪಟ್ಟರು. ಆ ಹಚ್ಚೆಯ ಆಳು, ಸರಣಿಯ ನಾಯಕ ಕಝುಮಾ ಕಿರ್ಯುವಿಗೆ ತಕಾಯಾ ಕುರೊಡಾ ಕೊಟ್ಟ ಆ ತಗ್ಗಿದ, ತೂಕದ ದನಿ ಜಗತ್ತಿಗೆ ಕೇಳಿಸಿದ್ದು ಹಾಗೆ. ಕೈ ಸುಟ್ಟುಕೊಂಡದ್ದರಿಂದ ಬಂದ ಒಳ್ಳೆಯದು ಇದು.

ಮೂರನೇ ಭಾಗ ಅಮೆರಿಕ ತಲುಪಿದ್ದು 2010ರ ಮಾರ್ಚ್ 9ರಂದು. ಅದೇ ದಿನ 'ಫೈನಲ್ ಫ್ಯಾಂಟಸಿ 13' ಎಂಬ ಭಾರಿ ಹೆಸರಿನ ಆಟ ಕೂಡ ಅಲ್ಲಿನ ಅಂಗಡಿಗಳಿಗೆ ಬಂತು. ಊರ ಜಾತ್ರೆಯ ದಿನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಂತಾಯಿತು. ಇದಕ್ಕಿಂತ ನೋವಿನ ಸಂಗತಿ ಎಂದರೆ ಬಂದದ್ದು ಇಡೀ ಆಟವಾಗಿರಲಿಲ್ಲ. ಹೆಂಗಸರು ಗಿರಾಕಿಗಳ ಜೊತೆ ಕೂತು ಹರಟುವ ಹೋಸ್ಟೆಸ್ ಕ್ಲಬ್‌ಗಳಿಗೆ, ಬಿಲ್ಲೆಗಳ ಆಟವಾದ ಮಹ್‌ಜಾಂಗ್‌ಗೆ, ಜಪಾನಿ ಚದುರಂಗವಾದ ಶೋಗಿಗೆ, ರಸಪ್ರಶ್ನೆ ಆಟಕ್ಕೆ, ಹಲವು ಉಪಕಥೆಗಳಿಗೆ ಕತ್ತರಿ ಬಿದ್ದಿತ್ತು. ಸಮಯದ ಒತ್ತಡವಿತ್ತು, ಪಶ್ಚಿಮದವರಿಗೆ ಇವು ರುಚಿಸಲಾರವು ಎಂಬ ಸಮಜಾಯಿಷಿ ಬಂತು. ಅಭಿಮಾನಿಗಳು ಕೆರಳಿದರು. ಅವರ ಸಿಟ್ಟು ನ್ಯಾಯವಾದದ್ದೇ. ಕಾಮುರೊಚೊ ಒಂದು ಊರು. ಊರೆಂದ ಮೇಲೆ ಹೊಡೆದಾಟದ ಜೊತೆಗೆ ಮುದುಕರು ಶೋಗಿ ಆಡುತ್ತ ಕೂರುವ ಮೂಲೆಯೂ ಇರಬೇಕು. ಆ ಮೂಲೆಯನ್ನು ಅಳಿಸಿದರೆ ಉಳಿಯುವುದು ಹೊಡೆದಾಟದ ಅಖಾಡ ಮಾತ್ರ. ಆ ವರ್ಷದ ಅನೇಕ ವಿಮರ್ಶೆಗಳು ಆಟವನ್ನು ಅಖಾಡವೆಂದೇ ಅಳೆದು, ಆರಂಭ ನಿಧಾನ, ತಂತ್ರ ಹಳತು, ಆದರೆ ಕಥೆಗೆ ತೂಕವಿದೆ ಎಂದು ಬರೆದವು.

ಅದೇ ವರ್ಷ ಬಂದ ಇನ್ನೊಂದು ವಿಮರ್ಶೆಯನ್ನು ಮರೆಯಲಾಗದು. ಜಪಾನಿನ ಅಪರಾಧ ಲೋಕವನ್ನು ಹತ್ತಿರದಿಂದ ವರದಿ ಮಾಡಿದ, 'ಟೋಕಿಯೋ ವೈಸ್' ಪುಸ್ತಕದ ಲೇಖಕ ಜೇಕ್ ಎಡಲ್‌ಸ್ಟೈನ್, ನಿಜವಾದ ಮೂವರು ಯಾಕುಜಾಗಳ ಕೈಗೆ ಈ ಆಟ ಕೊಟ್ಟು ಆಡಿಸಿ, ಅವರ ಅಭಿಪ್ರಾಯ ಬರೆದುಕೊಂಡರು. ಊರಿನವರಿಗೆ ತೊಂದರೆ ಕೊಡದ, ಮೇಲಿನವರಿಗೆ ಮರ್ಯಾದೆ ಕೊಡುವ ಕಿರ್ಯುವಿನಂಥವರು ಹಿಂದೆ ಇದ್ದರು, ಈಗ ವಿಡಿಯೋ ಗೇಮಿನಲ್ಲಷ್ಟೇ ಸಿಗುತ್ತಾರೆ ಎಂಬ ಅರ್ಥದ ಮಾತು ಅವರಲ್ಲೊಬ್ಬನಿಂದ ಬಂತು. ಹಳೆಯ ಕಾಲವನ್ನು ಚಿನ್ನದ ಕಾಲ ಎನ್ನುವುದು ಎಲ್ಲ ಕಸುಬಿನವರ ಚಾಳಿ, ಯಾಕುಜಾಗಳ ಹಳೆಯ ಕಾಲದಲ್ಲೂ ರಕ್ತ ಕಡಿಮೆಯೇನೂ ಹರಿದಿಲ್ಲ. ಆದರೂ ಆ ಮಾತಿನಲ್ಲಿ ಆಟದ ನಾಡಿ ಸಿಕ್ಕಿದೆ. ಮುಂದಿನ ವರ್ಷ, 2011ರ ಅಕ್ಟೋಬರ್ 1ರಂದು, ಯಾಕುಜಾಗಳ ಜೊತೆ ವ್ಯವಹಾರ ನಡೆಸುವುದನ್ನೇ ತಡೆಯುವ ಸ್ಥಳೀಯ ಕಾನೂನು ಜಪಾನಿನ ಕೊನೆಯ ಎರಡು ಪ್ರಾಂತಗಳಲ್ಲೂ ಜಾರಿಯಾಯಿತು. ಆ ಎರಡು ಯಾವುವು? ಟೋಕಿಯೋ ಮತ್ತು ಒಕಿನಾವಾ. 'ಯಾಕುಜಾ 3' ನಡೆಯುವ ಎರಡೇ ನೆಲ. ಆಟ ಬರೆದವರಿಗೆ ಇದು ಮೊದಲೇ ಗೊತ್ತಿರಲು ಸಾಧ್ಯವಿಲ್ಲ. ಇಂದು ಆಡುವವರಿಗೆ ಮಾತ್ರ ಒಂದು ಲೋಕ ಮುಳುಗುವ ಮುಂಚಿನ ಸಂಜೆಯ ಚಿತ್ರ ಅದರಲ್ಲಿ ಕಾಣುತ್ತದೆ.

ಮುಂದೆ ಸರಣಿ ಪಶ್ಚಿಮದಲ್ಲಿ ಕುಂಟುತ್ತಲೇ ಸಾಗಿತು. ನಾಲ್ಕನೇ ಭಾಗ 2011ರಲ್ಲಿ ಹೋಯಿತು. 2012ರ ಐದನೇ ಭಾಗ ಅಲ್ಲಿಗೆ ತಲುಪಲು ಮೂರು ವರ್ಷ ಬೇಕಾಯಿತು, ಅದೂ ಡಿಸ್ಕಿನಲ್ಲಿ ಅಲ್ಲ, ಡೌನ್‌ಲೋಡ್ ಮಾಡಿಕೊಳ್ಳುವ ರೂಪದಲ್ಲಿ ಮಾತ್ರ. ಹಣೆಬರಹ ತಿರುಗಿದ್ದು 2017ರಲ್ಲಿ. 1988ರ ಜಪಾನಿನಲ್ಲಿ, ದುಡ್ಡು ನೀರಿನಂತೆ ಹರಿಯುತ್ತಿದ್ದ ದಿನಗಳಲ್ಲಿ ನಡೆಯುವ 'ಯಾಕುಜಾ 0' ಇಂಗ್ಲಿಷಿಗೆ ಬಂದು, ಕಿರ್ಯು ಯಾರೆಂದೇ ಅರಿಯದ ಸಾವಿರಾರು ಜನರನ್ನು ಎಳೆದುಕೊಂಡಿತು. ಬೆನ್ನಿಗೇ ಮೊದಲೆರಡು ಆಟಗಳ ರಿಮೇಕ್‌ಗಳಾದ 'ಕಿವಾಮಿ', 'ಕಿವಾಮಿ 2' ಬಂದವು.

ರಿಮೇಕ್, ರಿಮಾಸ್ಟರ್ ಎರಡನ್ನೂ ಬೆರೆಸಿ ಮಾತಾಡುವುದುಂಟು. ರಿಮೇಕ್ ಎಂದರೆ ಹಳೆಯ ಮನೆ ಕೆಡವಿ ಅದೇ ತಳಪಾಯದ ಮೇಲೆ ಹೊಸದು ಕಟ್ಟುವುದು. ರಿಮಾಸ್ಟರ್ ಎಂದರೆ ಸುಣ್ಣ ಬಳಿದು, ಒಡೆದ ಹಂಚು ಬದಲಿಸಿ, ಕಿಟಕಿ ಒರೆಸುವುದು. ಕೋಣೆಗಳು ಇದ್ದಲ್ಲೇ ಇರುತ್ತವೆ. ಬಾಗಿಲು ಕುಳ್ಳಗಿದ್ದರೆ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು.

ಹೊಸಬರಿಗೆ ತಲೆ ತಗುಲಿದ್ದು ಅಲ್ಲೇ. 2019ರ ಆಗಸ್ಟ್ 20ರಂದು ಜರ್ಮನಿಯ ಗೇಮ್ಸ್‌ಕಾಮ್ ಮೇಳದ ಹೊತ್ತಿಗೆ ಸಂಗ್ರಹದ ಘೋಷಣೆಯಾಯಿತು, ಅದೇ ದಿನ ಮೂರನೇ ಭಾಗ ಪ್ಲೇಸ್ಟೇಷನ್ 4ರಲ್ಲಿ ಮಾರಾಟಕ್ಕೂ ಬಂತು. ನಾಲ್ಕನೆಯದು ಅಕ್ಟೋಬರಿನಲ್ಲಿ, ಐದನೆಯದು 2020ರ ಫೆಬ್ರುವರಿಯಲ್ಲಿ. 1080ಪಿ ಚಿತ್ರ, ಸೆಕೆಂಡಿಗೆ 60 ಫ್ರೇಮ್, ಕತ್ತರಿಸಿದ್ದ ಭಾಗಗಳ ಮರುಜೋಡಣೆ, ತಿದ್ದಿದ ಇಂಗ್ಲಿಷ್ ಅನುವಾದ. ವಿಮರ್ಶಕರು ಇಷ್ಟನ್ನೂ ಮನಸಾರೆ ಮೆಚ್ಚಿದರು. ಆದರೆ ಕಥೆಯ ಕ್ರಮ ಹಿಡಿದು ಬಂದವರು 'ಕಿವಾಮಿ 2' ಮುಗಿಸಿ ನೇರ ಇಲ್ಲಿಗೆ ಕಾಲಿಟ್ಟಿದ್ದರು. ಅಲ್ಲಿ ಬೀದಿಯಿಂದ ಅಂಗಡಿಯೊಳಕ್ಕೆ ತಡೆಯಿಲ್ಲದೆ ನಡೆದು ಹೋಗಬಹುದಿತ್ತು, ಒದ್ದರೆ ಎದುರಾಳಿ ಸೈಕಲ್‌ಗಳ ಸಾಲಿನ ಮೇಲೆ ಹಾರಿಬೀಳುತ್ತಿದ್ದ. ಕಥೆಯಲ್ಲಿ ಮುಂದಿನ ಹೆಜ್ಜೆ, ತಂತ್ರಜ್ಞಾನದಲ್ಲಿ ಒಂದು ದಶಕ ಹಿಂದಕ್ಕೆ. ಮರಗಟ್ಟಿದ ಮುಖಗಳು, ಮೊಂಡು ಕ್ಯಾಮೆರಾ, ಎಲ್ಲಕ್ಕಿಂತ ಮಿಗಿಲಾಗಿ ಏಟು ಬೀಸಿದಾಗಲೆಲ್ಲ ಕೈ ಅಡ್ಡ ಹಿಡಿದು ತಡೆಯುವ ಪುಂಡರು. ಈ ಕೊನೆಯ ಕಾಟಕ್ಕೆ ಅಭಿಮಾನಿಗಳು ಇಟ್ಟ ಅಡ್ಡಹೆಸರು 'ಬ್ಲಾಕುಜಾ'. ಮೂಲದಲ್ಲೂ ಇದ್ದ ಈ ದೋಷವನ್ನು ಸುಣ್ಣ ಬಳಿದು ಮುಚ್ಚಲು ಆಗುವುದಿಲ್ಲ. ಬೀದಿಯ ಪುಡಿರೌಡಿಯೊಬ್ಬ ನುರಿತ ಕರಾಟೆ ಪಟುವಿನಂತೆ ಹತ್ತು ಏಟು ತಡೆದರೆ ಕಿರ್ಯುವಿನ ಕಥೆಯ ಮೇಲಿನ ನಂಬಿಕೆಯೂ ಸ್ವಲ್ಪ ಅಲುಗಾಡುತ್ತದೆ. ಈ ದೂರಿನಲ್ಲಿ ನಾನೂ ವಿಮರ್ಶಕರ ಪಕ್ಷವೇ.

ಕಿರ್ಯು ನಡೆಸುವ ಅನಾಥಾಲಯದ ಬಗೆಗಿನ ದೂರನ್ನು ಮಾತ್ರ ಒಪ್ಪಲಾರೆ. ಮಕ್ಕಳ ಜಗಳ ಬಿಡಿಸುತ್ತ ಕಳೆಯುವ ಆ ಗಂಟೆಗಳು ಕಥೆಯನ್ನು ತಡೆಯುತ್ತವೆ ಎಂದು 2010ರಲ್ಲೂ ಬರೆದರು, 2019ರಲ್ಲೂ ಬರೆದರು. ಆದರೆ ಒಕಿನಾವಾದಲ್ಲಿ ನಡೆಯುವ ಕಥೆಗೆ ಆ ಗಂಟೆಗಳೇ ತಳಪಾಯ. ಅನಾಥಾಲಯ ನಿಂತ ನೆಲದ ಮೇಲೆ ರಾಜಕಾರಣಿಗಳ ಕಣ್ಣು ಬಿದ್ದಿದೆ. ಒಂದು ಕಡೆ ರೆಸಾರ್ಟ್ ಯೋಜನೆ, ಇನ್ನೊಂದು ಕಡೆ ಸೇನಾ ನೆಲೆಯ ವಿಸ್ತರಣೆ. ಇದು ಕಟ್ಟುಕಥೆಯ ನೆಪವಷ್ಟೇ ಎಂದುಕೊಳ್ಳಬೇಡಿ. 1972ರವರೆಗೆ ಅಮೆರಿಕದ ಆಡಳಿತದಲ್ಲಿದ್ದ ದ್ವೀಪಗಳಿವು. ಜಪಾನಿನ ಒಟ್ಟು ನೆಲದ ಶೇಕಡ 0.6ರಷ್ಟೇ ಇರುವ ಒಕಿನಾವಾ, ಇಡೀ ದೇಶದಲ್ಲಿರುವ ಅಮೆರಿಕನ್ ಸೇನಾ ನೆಲೆಗಳ ಸುಮಾರು ಶೇಕಡ 70ರಷ್ಟು ಜಾಗವನ್ನು ಹೊತ್ತಿದೆ. ನೆಲ ಯಾರದು, ಅದನ್ನು ಯಾರಿಗಾಗಿ ಯಾರು ಬಿಟ್ಟುಕೊಡಬೇಕು ಎಂಬುದು ಅಲ್ಲಿ ದಿನನಿತ್ಯದ ಮಾತು. ಆ ನೆಲದ ಮೇಲೆ ಮಕ್ಕಳು ಬದುಕುವುದನ್ನು ನಾವು ಸಾವಕಾಶವಾಗಿ ನೋಡದಿದ್ದರೆ, ಬುಲ್ಡೋಜರ್ ಬಂದಾಗ ಎದೆ ಒಡೆಯುವುದು ಹೇಗೆ? ಮುಂದೆ ಸಿಐಎ ಎಲ್ಲ ಬಂದು ಕಥೆ ಗೋಜಲಾಗುವುದು ನಿಜ, ಅಲ್ಲಿ ಟೀಕೆಗೆ ಜಾಗವಿದೆ. ಆದರೆ ತಾನೂ ಅನಾಥನಾಗಿ ಬೆಳೆದು, ದುಡ್ಡಿನ ಮೆಟ್ಟಿಲೇರಿ ಯಾಕುಜಾ ಆದ ಮಿನೆ ಎಂಬ ಖಳ ಕಿರ್ಯುವಿನ ಎದುರು ನಿಂತಾಗ ಮೊದಲ ಗಂಟೆಗಳ ಬೆಲೆ ತಿಳಿಯುತ್ತದೆ. ಇಬ್ಬರೂ ಅನಾಥರು. ಒಬ್ಬನಿಗೆ ಹಿಡಿಯಲು ಒಂದು ಕೈ ಸಿಕ್ಕಿತ್ತು, ಇನ್ನೊಬ್ಬನಿಗೆ ಸಿಗಲಿಲ್ಲ.

ರಿಮಾಸ್ಟರ್ ಎಲ್ಲವನ್ನೂ ಇದ್ದ ಹಾಗೆ ಇಟ್ಟಿತೇ? ಇಲ್ಲ. ಮಿಚಿರು ಎಂಬ ಪಾತ್ರದ ಉಪಕಥೆಯನ್ನು ಕೈಬಿಟ್ಟರು. ಹುಟ್ಟಿನ ಲಿಂಗಕ್ಕೆ ಒಗ್ಗದೆ ಬದುಕುವವರನ್ನು ನಗೆಪಾಟಲು ಮಾಡಿದ ಪ್ರಸಂಗವದು. ಕತ್ತರಿ ಎಂದರೆ ಕತ್ತರಿಯೇ, 2010ರದ್ದಾದರೇನು ಈಗಿನದ್ದಾದರೇನು ಎಂದು ಕೆಲವರು ವಾದಿಸಿದರು. ನನಗೆ ಎರಡೂ ಒಂದೇ ಅನಿಸುವುದಿಲ್ಲ. ಆಗ ಕತ್ತರಿ ಆಡಿದ್ದು ಆಡುವವರಿಗೆ ರುಚಿಸದೆಂಬ ಅನುಮಾನದಿಂದ. ಈಗ ಆಡಿದ್ದು ಒಬ್ಬರನ್ನು ನೋಯಿಸಿ ಪಡೆದ ನಗು ಬೇಡವೆಂದು. ಮೊದಲನೆಯದು ಆಡುವವರ ಮೇಲಿನ ಅಪನಂಬಿಕೆ, ಎರಡನೆಯದು ಬರೆದವರೇ ತಮ್ಮ ಬರಹಕ್ಕೆ ಹಾಕಿಕೊಂಡ ತಿದ್ದುಪಡಿ.

ನಾಲ್ಕನೇ ಭಾಗದಲ್ಲಿ ಬದಲಾದದ್ದು ಒಂದು ಮುಖ. ಈ ಆಟದಲ್ಲಿ ಬಡ್ಡಿಯಿಲ್ಲದೆ ಸಾಲ ಕೊಡುವ ಅಕಿಯಾಮಾ, ಜೈಲಿನಿಂದ ಬಂದ ಸಾಯೆಜಿಮಾ, ಪೊಲೀಸ್ ತನಿಮುರಾ, ಕಿರ್ಯು ಎಂದು ನಾಲ್ವರು ನಾಯಕರು. ತನಿಮುರಾನಿಗೆ ಮೂಲದಲ್ಲಿ ಮುಖ ಮತ್ತು ದನಿ ಕೊಟ್ಟಿದ್ದ ಹಿರೊಕಿ ನರಿಮಿಯಾ 2016ರಲ್ಲಿ ನಟನೆಯಿಂದ ನಿವೃತ್ತರಾದರು. ಹಾಗಾಗಿ ರಿಮಾಸ್ಟರಿನಲ್ಲಿ ತೋಶಿಕಿ ಮಸುಡಾ ಆ ಪಾತ್ರವಾದರು. ಹೊಸಬರಿಗೆ ಇದು ಗೊತ್ತೇ ಆಗುವುದಿಲ್ಲ. ಹಳಬರಿಗೆ ಮಾತ್ರ ಪರಿಚಿತ ಮನೆಯಲ್ಲಿ ಅಪರಿಚಿತರು ಬಾಗಿಲು ತೆರೆದಂತೆ ಒಂದು ಕ್ಷಣ ಕಸಿವಿಸಿ.

ಐದನೆಯದಕ್ಕೆ ಹೊಗಳಿಕೆ ಹೆಚ್ಚು. ಜಪಾನಿನ 'ಫಾಮಿತ್ಸು' ಪತ್ರಿಕೆ 2012ರಲ್ಲೇ 40ಕ್ಕೆ 40 ಅಂಕ ಕೊಟ್ಟಿತ್ತು. ಐದು ನಗರ, ಐವರು ನಾಯಕರು. ಕಿರ್ಯು ಫುಕುಒಕಾದಲ್ಲಿ ಟ್ಯಾಕ್ಸಿ ಓಡಿಸುತ್ತಾನೆ, ಸಾಯೆಜಿಮಾ ಹಿಮದ ಕಾಡಿನಲ್ಲಿ ಬೇಟೆಯಾಡುತ್ತಾನೆ, ಅನಾಥಾಲಯದ ಹಿರಿಯ ಹುಡುಗಿ ಹರುಕಾ ಒಸಾಕಾದಲ್ಲಿ ಹಾಡುಗಾರ್ತಿಯಾಗಲು ಹೆಣಗುತ್ತಾಳೆ. ಉದ್ದ ಅತಿಯಾಯಿತು ಎಂಬ ದೂರು ಎರಡು ಸಲವೂ ಬಂತು, ಎರಡು ಸಲವೂ ಸರಿಯೇ. 'ಬಾಕಾ ಮಿತಾಯ್' ಎಂಬ ಕರೋಕೆ ಹಾಡು ಮೊದಲು ಕೇಳಿಸಿದ್ದು ಈ ಆಟದಲ್ಲಿ. 2020ರಲ್ಲಿ ಆ ಹಾಡಿಗೆ ಯಾರ್‍ಯಾರದೋ ಮುಖಗಳು ತುಟಿಯಾಡಿಸುವ ವಿಡಿಯೋಗಳು ಜಗತ್ತಿನ ಮೊಬೈಲುಗಳಲ್ಲೆಲ್ಲ ಹರಿದಾಡಿದಾಗ, ಅದು ಎಲ್ಲಿಂದ ಬಂತೆಂದು ಹುಡುಕಿಕೊಂಡು ಕಾಮುರೊಚೊಗೆ ಬಂದವರೂ ಇದ್ದಾರೆ.

ಸಂಗ್ರಹದ ಪೆಟ್ಟಿಗೆಯಲ್ಲಿ ಸೆಗಾ ಒಂದು ಪ್ರೀತಿಯ ಕೆಲಸ ಮಾಡಿತು. ಐದನೇ ಭಾಗ ಪ್ಲೇಸ್ಟೇಷನ್ 3ರಲ್ಲಿ ಪಶ್ಚಿಮಕ್ಕೆ ಡಿಸ್ಕಾಗಿ ಬಂದಿರಲಿಲ್ಲವಲ್ಲ, ಆ ಹಳೆಯ ಯಂತ್ರದ ಮಾದರಿಯದೇ ಒಂದು ಖಾಲಿ ಡಬ್ಬಿಯನ್ನು ಮೊದಲ ದಿನದ ಆವೃತ್ತಿಯ ಜೊತೆಗೆ ಇಟ್ಟಿತು. ಮೂರು ವರ್ಷ ಮನವಿ ಬರೆದು ಕಾದವರ ಕಪಾಟಿನಲ್ಲಿ ಮೂರು ಮತ್ತು ನಾಲ್ಕರ ಪಕ್ಕ ಖಾಲಿ ಉಳಿದಿದ್ದ ಜಾಗಕ್ಕೆಂದು ಮಾಡಿದ ಡಬ್ಬಿ. ಅಂಕ ಕೊಡುವ ವಿಮರ್ಶೆಯಲ್ಲಿ ಇದಕ್ಕೆ ಕಾಲಂ ಇಲ್ಲ. ಇಡೀ ಸಂಗ್ರಹದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಈ ಖಾಲಿ ಡಬ್ಬಿಯೇ.

2021ರ ಜನವರಿಯಲ್ಲಿ ಮೂರೂ ಆಟಗಳು ಕಂಪ್ಯೂಟರಿಗೂ ಎಕ್ಸ್‌ಬಾಕ್ಸಿಗೂ ಬಂದವು. 2025ರ ಸೆಪ್ಟೆಂಬರಿನಲ್ಲಿ ಸೆಗಾ ಮೂರನೇ ಭಾಗವನ್ನು ಪೂರ್ತಿ ಕೆಡವಿ ಕಟ್ಟುವುದಾಗಿ ಸಾರಿತು. 'ಯಾಕುಜಾ ಕಿವಾಮಿ 3' ಎಂದು ಹೆಸರು, 2026ರ ಫೆಬ್ರುವರಿ ಬಿಡುಗಡೆಯ ತಿಂಗಳು. ಆ ಘೋಷಣೆಯಲ್ಲಿ ಹೊಡೆದಾಟದ ಹೊಸ ಪಟ್ಟುಗಳನ್ನು ತೋರಿಸಿದರು. ಅದರ ಜೊತೆಗೆ, ಎರಡು ಸಲವೂ ಬೈಸಿಕೊಂಡ ಆ ಅನಾಥಾಲಯದ ದಿನಗಳನ್ನು ಕಡಿಮೆ ಮಾಡುವ ಬದಲು ಬೆಳೆಸಿದ್ದರು. ಮಕ್ಕಳಿಗೆ ಅಡುಗೆ ಮಾಡುವುದು, ಹೋಮ್‌ವರ್ಕ್ ಮಾಡಿಸುವುದು. ಹೊಲಿಗೆ ಯಂತ್ರದ ಮುಂದೆ ಕೂತು, ಅಷ್ಟೊಂದು ದವಡೆ ಮುರಿದ ಆ ಕೈಗಳಿಂದ ಕಿರ್ಯು ನಿಧಾನವಾಗಿ ಬಟ್ಟೆ ಹೊಲಿಯುತ್ತಿದ್ದ.