ಅಂತರ್ಜಾಲ ಮಾರಾಟಕ್ಕೆ ಮೊದಲ ಉತ್ಪನ್ನ: ಆಯ್ಕೆ ಮತ್ತು ಸಿದ್ಧತೆ

ಅಂತರ್ಜಾಲದ ಮೂಲಕ ಸರಕು ಮಾರಬೇಕೆಂಬ ಅಪೇಕ್ಷೆ ಇಂದು ಮಹಾನಗರಗಳ ವರ್ತಕರಿಗಷ್ಟೇ ಸೀಮಿತವಾಗಿಲ್ಲ. ಜಿಲ್ಲಾ ಕೇಂದ್ರಗಳ, ತಾಲ್ಲೂಕುಗಳ ಸಣ್ಣ ತಯಾರಕರೂ ಈ ದಿಸೆಯಲ್ಲಿ ಹೆಜ್ಜೆ ಇಡುತ್ತಿದ್ದಾರೆ. ಮಾರಾಟ ಜಾಲತಾಣವೊಂದರಲ್ಲಿ ಖಾತೆ ತೆರೆಯುವುದು ಕಷ್ಟದ ಕೆಲಸವೇನಲ್ಲ. ಕಷ್ಟವಿರುವುದು ಅದರ ಮುಂದಿನ ಪ್ರಶ್ನೆಯಲ್ಲಿ: ಮೊದಲಿಗೆ ಯಾವ ಸರಕನ್ನು ಮಾರಬೇಕು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಕೆಲವರು ಅಂಗಡಿಯಲ್ಲಿರುವುದನ್ನೆಲ್ಲ ಒಟ್ಟಿಗೆ ಜಾಲತಾಣಕ್ಕೆ ಏರಿಸುತ್ತಾರೆ. ಇನ್ನು ಕೆಲವರು ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಸರಕು ಯಾವುದೆಂದು ನೋಡಿ ಅದನ್ನೇ ತರಿಸಿಕೊಳ್ಳುತ್ತಾರೆ. ಮೊದಲನೆಯ ಮಾರ್ಗದಲ್ಲಿ ಬಂಡವಾಳ ಹಲವು ಕಡೆ ಹಂಚಿಹೋಗುತ್ತದೆ. ಎರಡನೆಯದರಲ್ಲಿ ದೊಡ್ಡ ಮಾರಾಟಗಾರರೊಡನೆ ಬೆಲೆಯ ಪೈಪೋಟಿಗೆ ಇಳಿಯಬೇಕಾಗುತ್ತದೆ. ಸಣ್ಣ ಉದ್ಯಮಿಗೆ ಇವೆರಡೂ ಹಿತಕರವಲ್ಲ. ದೂರದ ಪ್ರಯಾಣವನ್ನು ತಾಳಿಕೊಳ್ಳುವ, ಕಣ್ಣಾರೆ ಕಾಣದೆ ಕೊಂಡ ಗ್ರಾಹಕನಿಗೆ ನಿರಾಸೆ ಮಾಡದ, ಎಲ್ಲ ಖರ್ಚು ಕಳೆದ ಮೇಲೂ ಏನಾದರೂ ಉಳಿಸುವ ಒಂದೇ ಒಂದು ಸರಕಿನಿಂದ ಆರಂಭಿಸುವುದು ಕ್ಷೇಮಕರ ಎಂಬುದು ಈ ಲೇಖನದ ಅಭಿಪ್ರಾಯ.

ದೊಡ್ಡವರು ಪುಸ್ತಕದಿಂದ ಆರಂಭಿಸಿದ್ದೇಕೆ?

ಅಮೆರಿಕದ ಅಮೆಜಾನ್ ಸಂಸ್ಥೆ 1995ರ ಜುಲೈ ತಿಂಗಳಲ್ಲಿ ಮಾರಾಟ ಆರಂಭಿಸಿದಾಗ ಅದರ ಬಳಿ ಇದ್ದುದು ಪುಸ್ತಕ ಮಾತ್ರ. 2007ರಲ್ಲಿ ಬೆಂಗಳೂರಿನಲ್ಲಿ ಜನ್ಮತಾಳಿದ ಫ್ಲಿಪ್‌ಕಾರ್ಟ್ ಕೂಡ ಪುಸ್ತಕದಿಂದಲೇ ಮೊದಲುಮಾಡಿತು. ಪುಸ್ತಕ ಅಂಚೆಯಲ್ಲಿ ಒಡೆಯುವುದಿಲ್ಲ, ಕೆಡುವುದಿಲ್ಲ. ಅದಕ್ಕೆ ಅಳತೆಯ ತೊಡಕಿಲ್ಲ. ಶೀರ್ಷಿಕೆ ಮತ್ತು ಲೇಖಕರ ಹೆಸರು ತಿಳಿದರೆ ಗ್ರಾಹಕನಿಗೆ ತಾನು ಪಡೆಯುವುದೇನೆಂದು ಸ್ಪಷ್ಟವಾಗಿರುತ್ತದೆ. ಬೆಂಗಳೂರಿನ ಪ್ರತಿಗೂ ಬೀದರಿನ ಪ್ರತಿಗೂ ವ್ಯತ್ಯಾಸವಿರುವುದಿಲ್ಲ. ಜೊತೆಗೆ, ಊರಿನ ಅಂಗಡಿಯಲ್ಲಿ ಸಿಗದ ಪುಸ್ತಕಕ್ಕಾಗಿ ಗ್ರಾಹಕ ಕೆಲವು ದಿನ ಕಾಯಲು ಸಿದ್ಧನಿರುತ್ತಾನೆ.

ನಮ್ಮ ತಯಾರಕರು ಇದರಿಂದ ಪುಸ್ತಕ ಮಾರಬೇಕೆಂಬ ಪಾಠ ಕಲಿಯಬೇಕಿಲ್ಲ. ತಮ್ಮ ಸರಕುಗಳಲ್ಲಿ ಪುಸ್ತಕದ ಈ ಗುಣಗಳಿಗೆ ಅತಿ ಸಮೀಪವಾದದ್ದು ಯಾವುದೆಂದು ಹುಡುಕಿದರೆ ಸಾಕು.

ಹಲವು ಸರಕುಗಳ ನಡುವೆ ಒಂದು

ಮನೆಯಡುಗೆಯ ಪದಾರ್ಥಗಳನ್ನು ತಯಾರಿಸುವ ಒಂದು ಸಣ್ಣ ಘಟಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಹಪ್ಪಳ, ಮಾವಿನ ಉಪ್ಪಿನಕಾಯಿ, ಚಕ್ಕುಲಿ, ಶೇಂಗಾ ಚಟ್ನಿಪುಡಿ, ಸಾರಿನ ಪುಡಿ ಇವೆಲ್ಲ ಸಿದ್ಧವಾಗುತ್ತವೆ ಎನ್ನೋಣ. ಸ್ಥಳೀಯ ಅಂಗಡಿಗಳಲ್ಲಿ ಉಪ್ಪಿನಕಾಯಿಗೇ ಬೇಡಿಕೆ ಹೆಚ್ಚು. ಆದುದರಿಂದ ಅಂತರ್ಜಾಲದಲ್ಲಿಯೂ ಅದೇ ಮೊದಲಾಗಬೇಕೆಂದು ತೋರುವುದು ಸಹಜ.

ಆದರೆ ಉಪ್ಪಿನಕಾಯಿಯ ಗಾಜಿನ ಬಾಟಲಿ ತೂಕವೂ ಹೌದು, ಒಡೆಯುವಂಥದ್ದೂ ಹೌದು. ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿಸಿದರೂ ಮುಚ್ಚಳ ಸ್ವಲ್ಪ ಸಡಿಲಾದರೆ ಎಣ್ಣೆ ಸೋರಿ ಇಡೀ ಪೆಟ್ಟಿಗೆ ಹಾಳಾಗುತ್ತದೆ.

ಹಪ್ಪಳದ ಕಥೆ ಬೇರೆ. ಅದು ಹಗುರ, ಆದರೆ ಪುಡಿಯಾಗದಂತೆ ಕಳುಹಿಸಲು ದೊಡ್ಡ ಪೆಟ್ಟಿಗೆ ಬೇಕು. ಕೊರಿಯರ್ ಸಂಸ್ಥೆಗಳು ನಿಜವಾದ ತೂಕ ಮತ್ತು ಗಾತ್ರದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ದರ ವಿಧಿಸುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ಪದ್ಧತಿ. 30, 20, 15 ಸೆಂ.ಮೀ. ಅಳತೆಯ ಪೆಟ್ಟಿಗೆಯ ಗಾತ್ರದ ತೂಕ 1.8 ಕಿಲೋ ಆಗುತ್ತದೆ. ಒಳಗೆ ಅರ್ಧ ಕಿಲೋ ಹಪ್ಪಳವಿದ್ದರೂ ಸಾಗಣೆ ದರವನ್ನು 1.8 ಕಿಲೋಗೇ ತೆರಬೇಕು.

ಚಕ್ಕುಲಿ ಮುರಿಯುತ್ತದೆ. ಶೇಂಗಾ ಚಟ್ನಿಪುಡಿಯಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ಕೆಲಕಾಲದಲ್ಲಿ ಕಮಟು ವಾಸನೆ ಬರುತ್ತದೆ. ಆಹಾರ ಪದಾರ್ಥ ಗ್ರಾಹಕನ ಕೈ ಸೇರುವಾಗ ಅದರ ಬಾಳಿಕೆಯ ಅವಧಿಯಲ್ಲಿ ಕನಿಷ್ಠ ಶೇ. 30ರಷ್ಟು ಅಥವಾ 45 ದಿನ ಉಳಿದಿರುವಂತೆ ನೋಡಿಕೊಳ್ಳಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಅಂತರ್ಜಾಲ ಮಾರಾಟ ಸಂಸ್ಥೆಗಳಿಗೆ ಸೂಚಿಸಿತು. ಹೀಗಾಗಿ ಎರಡು ತಿಂಗಳು ಮಾತ್ರ ಬಾಳುವ ಸರಕನ್ನು ದೂರದ ಉಗ್ರಾಣದಲ್ಲಿರಿಸಿ ಮಾರುವುದು ಕಷ್ಟಸಾಧ್ಯ.

ಉಳಿದದ್ದು ಸಾರಿನ ಪುಡಿ. ಅದು ಒಡೆಯುವುದಿಲ್ಲ, ಸೋರುವುದಿಲ್ಲ, ಸಣ್ಣ ಪೆಟ್ಟಿಗೆಯಲ್ಲಿ ಹಿಡಿಸುತ್ತದೆ, ತೇವ ತಾಗದಿದ್ದರೆ ಬಹುಕಾಲ ಬಾಳುತ್ತದೆ. ತಮ್ಮ ಸೀಮೆಯ ಸಾರಿನ ರುಚಿಗಾಗಿ ಕಾಯುವ ಕನ್ನಡಿಗರು ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿದ್ದಾರೆ. ಊರಿನ ಅಂಗಡಿಯಲ್ಲಿ ಮೂರನೆಯ ಸ್ಥಾನದಲ್ಲಿದ್ದ ಸರಕು ಅಂತರ್ಜಾಲದಲ್ಲಿ ಮೊದಲನೆಯದಾಗಲು ಹೀಗೆ ಅರ್ಹವಾಗುತ್ತದೆ.

ಇತರ ಉದ್ಯಮಗಳಿಗೂ ಇದೇ ವಿಚಾರಸರಣಿ ಅನ್ವಯಿಸುತ್ತದೆ. ಸಿದ್ಧ ಕುಪ್ಪಸವನ್ನು ಆರು ಅಳತೆ, ಐದು ಬಣ್ಣಗಳಲ್ಲಿ ಮಾರಹೊರಟರೆ 30 ಬಗೆಯ ದಾಸ್ತಾನು ಇರಿಸಿಕೊಳ್ಳಬೇಕು. ಅಳತೆ ಸರಿಹೋಗದೆ ವಾಪಸು ಬರುವವು ಬೇರೆ. ಇಳಕಲ್ ಸೀರೆಗೆ ಅಳತೆಯ ತೊಡಕಿಲ್ಲ; ಛಾಯಾಚಿತ್ರದಲ್ಲಿ ಬಣ್ಣ ಸರಿಯಾಗಿ ಮೂಡುವಂತೆ ನೋಡಿಕೊಂಡರಾಯಿತು.

ಒಂದು ಆರ್ಡರಿನ ಲೆಕ್ಕ

ಆಯ್ಕೆ ಸರಿಯಾಗಿದ್ದರೂ ಲೆಕ್ಕ ತಪ್ಪಿದರೆ ಪ್ರಯೋಜನವಿಲ್ಲ. ಕೆಳಗಿನ ಅಂಕಿಗಳು ವಿವರಣೆಗಾಗಿ ಕಲ್ಪಿಸಿಕೊಂಡವು, ತೆರಿಗೆಯನ್ನು ಸೇರಿಸಿಲ್ಲ. ಓದುಗರು ತಮ್ಮ ಅಂಕಿಗಳನ್ನು ಇಲ್ಲಿಟ್ಟು ನೋಡಬಹುದು.

200 ಗ್ರಾಂ ಸಾರಿನ ಪುಡಿಯ ಬೆಲೆ 120 ರೂ. ಇರಲಿ. ಅಸಲು 50, ಚೀಲ ಮತ್ತು ಚೀಟಿಗೆ 6, ಹೊರಪೆಟ್ಟಿಗೆಗೆ 7, ಜಾಲತಾಣದ ಶುಲ್ಕ 18, ಸಾಗಣೆ 50 ರೂ. ಒಟ್ಟು 131 ರೂ. ಪ್ರತಿ ಆರ್ಡರಿಗೆ 11 ರೂ. ನಷ್ಟ. ಎಷ್ಟು ಹೆಚ್ಚು ಮಾರಿದರೆ ಅಷ್ಟು ಹೆಚ್ಚು ನಷ್ಟ.

ಇದೇ ಪುಡಿಯ ಮೂರು ಚೀಲಗಳನ್ನು ಒಂದೇ ಕಟ್ಟಾಗಿ 340 ರೂಪಾಯಿಗೆ ಕೊಟ್ಟರೆ ಲೆಕ್ಕ ಬದಲಾಗುತ್ತದೆ. ಅಸಲು 150, ಚೀಲಕ್ಕೆ 18, ಪೆಟ್ಟಿಗೆಗೆ 12, ಶುಲ್ಕ 51, ಸಾಗಣೆ 60, ಒಟ್ಟು 291 ರೂ. ಪ್ರತಿ ಆರ್ಡರಿಗೆ 49 ರೂ. ಉಳಿಯುತ್ತದೆ. ಸರಕು ಮೂರು ಪಟ್ಟಾದರೂ ಸಾಗಣೆಯ ಖರ್ಚು ಮೂರು ಪಟ್ಟಾಗದಿರುವುದೇ ಇದರ ಗುಟ್ಟು.

ಇಲ್ಲಿಗೆ ಲೆಕ್ಕ ನಿಲ್ಲಿಸುವವರು ಬಹಳ. ಆದರೆ ನಿಜವಾದ ಪರೀಕ್ಷೆ ವಾಪಸಾಗುವ ಸರಕಿನದು. ಹಣವನ್ನು ಬಟವಾಡೆಯ ವೇಳೆ ಕೊಡುವ ಪದ್ಧತಿಯಲ್ಲಿ ಗ್ರಾಹಕ ಮನೆಯಲ್ಲಿಲ್ಲದೆ, ಇಲ್ಲವೇ ಮನಸ್ಸು ಬದಲಿಸಿ, ಪೊಟ್ಟಣ ಹಿಂದಿರುಗುವುದುಂಟು. ಹಿಂದಿರುಗಿದ ಆಹಾರ ಪದಾರ್ಥವನ್ನು ಮತ್ತೆ ಮಾರಲಾಗದು. ಜಾಲತಾಣ ತನ್ನ ಶುಲ್ಕವನ್ನು ಬಿಟ್ಟುಕೊಟ್ಟಿತೆಂದೇ ಭಾವಿಸಿದರೂ, ಸರಕು ಮತ್ತು ಚೀಲಕ್ಕೆ 168, ಪೆಟ್ಟಿಗೆಗೆ 12, ಹೋಗಿಬರುವ ಸಾಗಣೆಗೆ 120, ಅಂದರೆ ಒಂದು ವಾಪಸಿಗೆ 300 ರೂ. ಕೈಬಿಡುತ್ತದೆ.

ನೂರು ಆರ್ಡರುಗಳಲ್ಲಿ ಉಳಿಯುವ ಹಣ ಹೀಗಿದೆ:

5 ವಾಪಸಾದರೆ: 4,655 ರೂ. ಗಳಿಕೆಯಲ್ಲಿ 1,500 ಕಳೆದು, ಉಳಿಕೆ 3,155 ರೂ.
10 ವಾಪಸಾದರೆ: 4,410 ರೂ. ಗಳಿಕೆಯಲ್ಲಿ 3,000 ಕಳೆದು, ಉಳಿಕೆ 1,410 ರೂ.
15 ವಾಪಸಾದರೆ: 4,165 ರೂ. ಗಳಿಕೆಯಲ್ಲಿ 4,500 ಕಳೆದು, ನಷ್ಟ 335 ರೂ.

ಒಂದು ಯಶಸ್ವಿ ಆರ್ಡರಿನಿಂದ 49 ರೂ. ಬಂದರೆ ಒಂದು ವಾಪಸಿನಿಂದ 300 ರೂ. ಹೋಗುತ್ತದೆ. ಆರು ಮಾರಾಟಗಳ ಗಳಿಕೆ ಒಂದು ವಾಪಸಿಗೆ ಸಾಲದು. ಆದುದರಿಂದ ಹೊಸಬರು ಮಾರಾಟ ಹೆಚ್ಚಿಸುವ ಜಾಹೀರಾತಿಗೆ ಹಣ ಹೂಡುವ ಮೊದಲು ವಾಪಸು ತಗ್ಗಿಸುವತ್ತ ಗಮನ ಕೊಡುವುದು ಒಳಿತು. ಮುಂಗಡ ಪಾವತಿಗೆ ಸಣ್ಣ ರಿಯಾಯಿತಿ ಕೊಡುವುದೂ ಈ ದೃಷ್ಟಿಯಿಂದ ಲಾಭದಾಯಕವೇ.

ಸರಕನ್ನು ದೂರದ ಪ್ರಯಾಣಕ್ಕೆ ಸಜ್ಜುಗೊಳಿಸುವುದು

ಅಂಗಡಿಗೆ ಕಳುಹಿಸುತ್ತಿದ್ದ ಚೀಲವನ್ನೇ ಅಂತರ್ಜಾಲದ ಗ್ರಾಹಕನಿಗೂ ಕಳುಹಿಸುವುದು ಸಲ್ಲದು. ತೇವ ಮತ್ತು ಗಾಳಿ ತಡೆಯುವ ಪದರಗಳುಳ್ಳ ಚೀಲ, ಭದ್ರವಾದ ಶಾಖದ ಬೆಸುಗೆ, ಅಲುಗಾಡದಂತೆ ಹಿಡಿಯುವ ಪೆಟ್ಟಿಗೆ ಇವು ಅಗತ್ಯ. ಹೀಗೆ ಕಟ್ಟಿದ ಪೊಟ್ಟಣವನ್ನು ಎದೆಯೆತ್ತರದಿಂದ ಎಲ್ಲ ಮಗ್ಗುಲುಗಳಿಗೂ ಬೀಳಿಸಿ ನೋಡಬೇಕು. ದೂರದ ಊರಿನ ಪರಿಚಿತರಿಗೆ ಕೊರಿಯರ್‌ನಲ್ಲಿ ಕಳುಹಿಸಿ, ತಲುಪಿದ ಸ್ಥಿತಿಯ ಛಾಯಾಚಿತ್ರ ತರಿಸಿಕೊಳ್ಳಬೇಕು.

ಬಾಳಿಕೆಯ ಅವಧಿಯನ್ನು ಅಂದಾಜಿನಿಂದ ಮುದ್ರಿಸದೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳುವುದು ಉಚಿತ. ಆಹಾರ ತಂತ್ರಜ್ಞಾನದ ಮಾರ್ಗದರ್ಶನಕ್ಕೆ 1950ರಲ್ಲಿ ಸ್ಥಾಪನೆಯಾದ ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆ ನಮ್ಮ ರಾಜ್ಯದಲ್ಲಿಯೇ ಇದೆ.

ವರ್ಣನೆಯಲ್ಲಿ ಅತಿಶಯೋಕ್ತಿ ಬೇಡ. ಪುಡಿ ಎಷ್ಟು ಖಾರ, ಯಾವ ಸೀಮೆಯ ಪಾಕ, ಎಷ್ಟು ನೀರಿಗೆ ಎಷ್ಟು ಚಮಚ ಎಂಬುದನ್ನು ನೇರವಾಗಿ ತಿಳಿಸಬೇಕು. ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಕಾರಣಕ್ಕೆ ಹೆಸರಾಗಿದ್ದು, 2011ರಲ್ಲಿ ಭೌಗೋಳಿಕ ಗುರುತು ಪಡೆದಿದೆ. ಆ ಹೆಸರನ್ನು ಚೀಟಿಯಲ್ಲಿ ಬಳಸುವವರು ಆ ಮೆಣಸಿನಕಾಯಿಯನ್ನೇ ಬಳಸಿರಬೇಕು. ಗ್ರಾಹಕ ನಿರೀಕ್ಷಿಸಿದ್ದಕ್ಕೂ ಪೊಟ್ಟಣದಲ್ಲಿ ಬಂದದ್ದಕ್ಕೂ ಅಂತರವಿದ್ದರೆ ಅದು ದೂರಾಗಿಯೋ ವಾಪಸಾಗಿಯೋ ಪ್ರಕಟವಾಗುತ್ತದೆ.

ಕಾನೂನಿನ ಅಗತ್ಯಗಳು

ಸರಕು ಮತ್ತು ಸೇವಾ ತೆರಿಗೆಯ ವಿಷಯದಲ್ಲಿ 2023ರ ಅಕ್ಟೋಬರ್ 1ರಿಂದ ಒಂದು ಸಡಿಲಿಕೆ ಜಾರಿಗೆ ಬಂದಿದೆ. ವಹಿವಾಟು ನೋಂದಣಿಯ ಮಿತಿಯೊಳಗಿರುವ ಸಣ್ಣ ಮಾರಾಟಗಾರರು ಕೇವಲ ನಮೂದು ಸಂಖ್ಯೆ ಪಡೆದು ಜಾಲತಾಣಗಳ ಮೂಲಕ ಸರಕು ಮಾರಬಹುದು. ಆದರೆ ಈ ಸೌಲಭ್ಯ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ನಮ್ಮ ಉದಾಹರಣೆಯ ಸಾರಿನ ಪುಡಿಗೆ ಪುಣೆ, ಹೈದರಾಬಾದುಗಳಲ್ಲಿಯೇ ಗ್ರಾಹಕರಿದ್ದರೆ ಪೂರ್ಣ ನೋಂದಣಿ ಅನಿವಾರ್ಯ. ಜಾಲತಾಣಗಳ ಶುಲ್ಕದ ಮೇಲೆ ಶೇ. 18ರ ತೆರಿಗೆ ಇದ್ದು, ನೋಂದಣಿ ಇಲ್ಲದವರಿಗೆ ಅದರ ಹೂಡುವಳಿ ಜಮಾ ಸಿಗದೆಂಬುದನ್ನೂ ನೆನಪಿಡಬೇಕು.

ಪೊಟ್ಟಣದ ಸರಕುಗಳಿಗೆ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿನ ಸಂಪರ್ಕ ಮುಂತಾದ ವಿವರಗಳು ಕಡ್ಡಾಯ. 2018ರ ಜನವರಿ 1ರಿಂದ ತಯಾರಿಕೆಯ ತಿಂಗಳು, ವರ್ಷದ ಹೊರತು ಇವುಗಳನ್ನು ಜಾಲತಾಣದ ಪುಟದಲ್ಲಿಯೂ ತೋರಿಸಬೇಕಾಗಿದೆ. ಆಹಾರ ಪದಾರ್ಥಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆಯೂ ಬೇಕು.

ಆಟಿಕೆ ತಯಾರಕರಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಚನ್ನಪಟ್ಟಣದ ಗೊಂಬೆಯಂತೆ ಭೌಗೋಳಿಕ ಗುರುತುಳ್ಳ ಆಟಿಕೆಗಳ ಅಧಿಕೃತ ಬಳಕೆದಾರರಿಗೆ ಹಾಗೂ ನೋಂದಾಯಿತ ಕುಶಲಕರ್ಮಿಗಳಿಗೆ ಇದರಿಂದ ವಿನಾಯಿತಿ ಉಂಟು, ಉಳಿದವರಿಗಿಲ್ಲ. ಸರಕಿನ ಹೆಸರನ್ನು ಸಾವಿರಾರು ಚೀಲಗಳ ಮೇಲೆ ಮುದ್ರಿಸುವ ಮೊದಲು ಅದೇ ಹೆಸರಿನ ವ್ಯಾಪಾರ ಚಿಹ್ನೆ ಬೇರೆಯವರಿಗಿದೆಯೇ ಎಂದು ನೋಂದಣಿ ಕಚೇರಿಯ ಜಾಲತಾಣದಲ್ಲಿ ಹುಡುಕುವುದು ಲೇಸು. ಮಸಾಲೆ ಪದಾರ್ಥಗಳು 30ನೆಯ ವರ್ಗದಲ್ಲಿ ಬರುತ್ತವೆ.

ಮೊದಲ ನೂರು ಆರ್ಡರುಗಳು

ಮೊದಲ ಹಂತದಲ್ಲಿ ನೂರು ಆರ್ಡರುಗಳಿಗೆ ಸಾಕಾಗುವಷ್ಟನ್ನೇ ತಯಾರಿಸಬೇಕು. ಸಾವಿರಾರು ಚೀಲ ಮುದ್ರಿಸಿದರೆ ಒಂದೊಂದರ ದರ ತಗ್ಗುವುದು ನಿಜ. ಆದರೆ ಚೀಟಿಯಲ್ಲಿ ಒಂದು ಪದ ಬದಲಾಯಿಸಬೇಕಾದಾಗ ಅವೆಲ್ಲ ರದ್ದಿಯಾಗುತ್ತವೆ. ಸಾದಾ ಚೀಲ, ಅಂಟಿಸುವ ಚೀಟಿ ಆರಂಭಕ್ಕೆ ಸಾಕು.

ಪ್ರತಿಯೊಂದು ಆರ್ಡರಿಗೆ ಊರು, ಸಾಗಣೆಯ ಖರ್ಚು, ತಲುಪಿದ ದಿನ, ವಾಪಸಾಗಿದ್ದರೆ ಕಾರಣ ಇಷ್ಟನ್ನು ಪುಸ್ತಕದಲ್ಲಿ ಬರೆದಿಡಬೇಕು. ಎರಡನೆಯ ಸಲ ತರಿಸಿಕೊಂಡವರು ಎಷ್ಟು ಮಂದಿ ಎಂಬುದನ್ನು ಪ್ರತ್ಯೇಕವಾಗಿ ಎಣಿಸಬೇಕು. ಮೊದಲ ಖರೀದಿಗೆ ಚಿತ್ರ, ಬೆಲೆ ಅಥವಾ ಕುತೂಹಲ ಕಾರಣವಾಗಿರಬಹುದು. ಎರಡನೆಯ ಖರೀದಿಗೆ ಸರಕಿನ ಗುಣವೇ ಕಾರಣ.

ನೂರು ಆರ್ಡರುಗಳ ಅನಂತರವೂ ಲೆಕ್ಕದಲ್ಲಿ ಹಣ ಉಳಿದಿದ್ದರೆ, ಮರಳಿ ಬಂದ ಗ್ರಾಹಕರಿದ್ದರೆ, ಎರಡನೆಯ ಸರಕಿಗೆ ಕೈಹಾಕಬಹುದು. ಹಾಗಿಲ್ಲದಿದ್ದರೆ ದೋಷ ಸರಕಿನದೋ, ಕಟ್ಟಿನದೋ, ಬೆಲೆಯದೋ ಎಂಬುದು ಆ ಪುಸ್ತಕದಿಂದಲೇ ತಿಳಿಯುತ್ತದೆ. ಒಂದೇ ಸರಕಿನಿಂದ ಆರಂಭಿಸಿದವರಿಗೆ ಆ ದೋಷವನ್ನು ತಿದ್ದಲು ಬೇಕಾದ ಬಂಡವಾಳವೂ ಕೈಯಲ್ಲಿ ಉಳಿದಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಈ ಹೊಸ ಮಾರುಕಟ್ಟೆಗೂ ಸಲ್ಲುತ್ತದೆ.