ಎರಡು-ನಾಲ್ಕೋ, ಎರಡು-ಆರೋ?

ನಮ್ಮ ಅತ್ತೆಯವರ ಪಾಟ್ಲಿಗಳು ಮದುವೆಯ ವರ್ಷ ಕೈಗೆ ಏರಿದವು. ಮತ್ತೆ ಇಳಿದದ್ದೇ ಇಲ್ಲ. “ಇಳಿಯೂದಿಲ್ಲ ಬಿಡವ್ವಾ, ಅವೂ ನನ್ನ ಕೂಡ ಮುದುಕಿ ಆಗ್ಯಾವು” ಎಂದು ನಗುತ್ತಿದ್ದರು. ಗದಗಿನಿಂದ ನಾಶಿಕಕ್ಕೆ ಸೊಸೆಯಾಗಿ ಬಂದಾಗ ಕೈಯಲ್ಲಿ ಸಲೀಸಾಗಿ ಆಡುತ್ತಿದ್ದ ಆಭರಣ, ನಾಲ್ಕು ಮಕ್ಕಳ ತಾಯಾಗಿ ಅರವತ್ತು ದಾಟುವ ಹೊತ್ತಿಗೆ ಮಣಿಕಟ್ಟಿಗೆ ಕಚ್ಚಿಕೊಂಡಿತ್ತು. ಒಂದು ಮಳೆಗಾಲದ ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ಕಾಲು ಜಾರಿ, ಬಲಗೈ ಊರಿ ಬಿದ್ದರು. ಅರ್ಧ ಗಂಟೆಯೊಳಗೆ ಕೈ ಬಾತು ಪಾಟ್ಲಿ ಮಾಂಸದಲ್ಲಿ ಹೂತಿತು; ಬೆರಳ ತುದಿ ನೀಲಿಗೆ ತಿರುಗಿತು. ಸಾಬೂನು, ಕೊಬ್ಬರಿ ಎಣ್ಣೆ, ನಮ್ಮ ಕೂಗಾಟ ಯಾವುದೂ ಸಾಗಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಮಾಡಿದ್ದು ಮೂಳೆ ನೋಡುವ ಕೆಲಸವಲ್ಲ, ಪಾಟ್ಲಿ ಕತ್ತರಿಸುವ ಕೆಲಸ. ಮೂಳೆ ಆರು ವಾರಕ್ಕೆ ಕೂಡಿತು. ಕತ್ತರಿಸಿದ ಪಾಟ್ಲಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದ ಅತ್ತೆಯವರು ಮೊದಲಿನಂತೆ ನಗಲು ಇನ್ನೂ ಬಹಳ ದಿನ ಬೇಕಾದವು.

ಅಂದಿನಿಂದ ಬಳೆಯ ಅಳತೆ ನನಗೆ ಸಣ್ಣ ವಿಷಯವಾಗಿ ಉಳಿದಿಲ್ಲ. ಸೀರೆಯ ಅಂಚು ಸೆರಗಿಗೆ ಒಪ್ಪುತ್ತದೆಯೇ ಎಂದು ಅಂಗಡಿಯಲ್ಲಿ ಎರಡು ತಾಸು ಕೂಡುವ ನಾವು, ಕೈಯ ಅಳತೆ ಎಷ್ಟೆಂದು ಕೇಳಿದರೆ “ಎರಡು-ನಾಲ್ಕು ಇರಬೇಕು” ಎಂದು ಅಂದಾಜಿನ ಮಾತಾಡುತ್ತೇವೆ. ಅದೂ ಎಷ್ಟು ವರ್ಷದ ಹಿಂದಿನ ಎರಡು-ನಾಲ್ಕೋ ದೇವರೇ ಬಲ್ಲ!

ಈ ಎರಡು-ನಾಲ್ಕು ಎಂದರೇನು? ಬಳೆಯ ಒಳಗಿನ ಅಡ್ಡಗಲ ಎರಡು ಅಂಗುಲ, ಅದರ ಮೇಲೆ ಅಂಗುಲದ ಹದಿನಾರರಲ್ಲಿ ನಾಲ್ಕು ಪಾಲು. ರೂಪಾಯಿಗೆ ಹದಿನಾರಾಣೆ ಇದ್ದುದನ್ನು ಕಂಡ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕಾಣೆಯೆಂದರೆ ಕಾಲು, ಎಂಟಾಣೆಯೆಂದರೆ ಅರ್ಧ. 1957ರಲ್ಲಿ ನಯಾ ಪೈಸೆ ಬಂದ ಮೇಲೆ ಆಣೆಯ ಲೆಕ್ಕ ಸಂತೆಯಿಂದ ಹೋಯಿತು, ಬಳೆಯೊಳಗೆ ಮಾತ್ರ ಉಳಿದುಕೊಂಡಿತು. ನಮ್ಮ ಓಣಿಯ ಕಾಸಾರನು ಇಂದಿಗೂ ಎರಡು-ನಾಲ್ಕಕ್ಕೆ ‘ಸವ್ವಾದೋನ್’ ಎಂದೂ ಎರಡು-ಎಂಟಕ್ಕೆ ‘ಅಡೀಚ್’ ಎಂದೂ ಹೇಳುತ್ತಾನೆ. ತಪ್ಪುವವರು ನಮ್ಮ ಮಕ್ಕಳು. ಚೀಟಿಯ ಮೇಲೆ 2.10 ಎಂದು ಚುಕ್ಕೆ ಇಟ್ಟು ಬರೆದಿರುತ್ತಾರೆ. ಶಾಲೆಯಲ್ಲಿ ದಶಮಾಂಶ ಕಲಿತ ಹುಡುಗಿ ಅದು 2.4ಕ್ಕಿಂತ ಚಿಕ್ಕದೆಂದು ತಿಳಿದು ತರಿಸಿಕೊಳ್ಳುತ್ತಾಳೆ. ನನ್ನ ಮಗಳೇ ಹೀಗೆ ಒಂದು ಡಜನ್ ತರಿಸಿ, ಕೈ ಇಳಿಬಿಟ್ಟೊಡನೆ ಎಲ್ಲವೂ ನೆಲಕ್ಕುರುಳಿದವು.

ಅಳತೆ ಹಿಡಿಯುವುದು ಸುಲಭ. ಬಾಯಿಲ್ಲದ ಗುಂಡು ಬಳೆಗೆ ಮಣಿಕಟ್ಟನ್ನಲ್ಲ, ಅಂಗೈಯನ್ನು ಅಳೆಯಬೇಕು. ಬಳೆಗಾರ ಹಿಡಿಯುವಂತೆ ಹೆಬ್ಬೆರಳನ್ನು ಕಿರುಬೆರಳ ಕಡೆಗೆ ಮಡಿಸಿ, ಬೆರಳ ಬುಡದ ಗಂಟುಗಳ ಮೇಲೆ, ಕೈ ಅತಿ ದಪ್ಪವಿರುವಲ್ಲಿ ಕಾಗದದ ಪಟ್ಟಿ ಸುತ್ತಿ ಗುರುತು ಹಾಕಿರಿ. ದಾರ ಬೇಡ, ಎಳೆದರೆ ಹಿಗ್ಗುತ್ತದೆ. ಪಟ್ಟಿ 17 ಸೆಂಟಿಮೀಟರು ಬಂದರೆ ಎರಡು-ಎರಡು, 18 ಬಂದರೆ ಎರಡು-ನಾಲ್ಕು, 19ಕ್ಕೆ ಎರಡು-ಆರು, 20ಕ್ಕೆ ಎರಡು-ಎಂಟು, 21ಕ್ಕೆ ಎರಡು-ಹತ್ತು. ಒಂದೊಂದು ಸೆಂಟಿಮೀಟರಿಗೆ ಒಂದೊಂದು ಅಳತೆ ಏರುತ್ತದೆಂದು ನೆನಪಿಟ್ಟರೆ ಸಾಕು. ನಡುವೆ ಬಂದರೆ ಮೇಲಿನದನ್ನೇ ಹಿಡಿಯಿರಿ. ಎರಡೂ ಕೈ ಅಳೆಯುವುದನ್ನು ಮರೆಯಬೇಡಿ. ದುಡಿಯುವ ಕೈ ಸಾಮಾನ್ಯವಾಗಿ ತುಸು ದೊಡ್ಡದು.

ಅಗಲದ ಮಾತೂ ಉಂಟು. ತೆಳು ಗಾಜಿನ ಬಳೆಯನ್ನು ವಾರೆಮಾಡಿ ಒಂದೊಂದೇ ಗಂಟನ್ನು ದಾಟಿಸಬಹುದು. ಅಗಲವಾದ ಪಾಟ್ಲಿಯೋ ತೋಡೆಯೋ ಹಾಗೆ ವಾರೆಯಾಗುವುದಿಲ್ಲ. ಆದ್ದರಿಂದ ಗಾಜಿನಲ್ಲಿ ಎರಡು-ನಾಲ್ಕು ತೊಡುವವಳಿಗೆ ಪಾಟ್ಲಿಯಲ್ಲಿ ಎರಡು-ಆರು ಬೇಕಾಗುವುದುಂಟು. ಹಾಗೆಂದು “ಇರಲಿ, ಮುಂದಕ್ಕೂ ಆಗುತ್ತದೆ” ಎಂದು ಎರಡು ಅಳತೆ ಹೆಚ್ಚು ಕೊಳ್ಳುವುದು ದುಬಾರಿ ಜಾಣತನ. ಎರಡು-ನಾಲ್ಕರಲ್ಲಿ 12 ಗ್ರಾಮು ತೂಗುವ ಬಳೆಯನ್ನು ಅದೇ ದಪ್ಪದಲ್ಲಿ ಎರಡು-ಎಂಟಕ್ಕೆ ಮಾಡಿಸಿದರೆ ಹೆಚ್ಚುಕಡಿಮೆ ಒಂದೂಕಾಲು ಗ್ರಾಮು ಚಿನ್ನ ಹೆಚ್ಚು ಬೀಳುತ್ತದೆ. ಇಂದಿನ ಧಾರಣೆಯಲ್ಲಿ ಅದು ಚಿಕ್ಕ ಮೊತ್ತವಲ್ಲ. ಮೇಲಾಗಿ ಸಡಿಲ ಬಳೆ ಗ್ಯಾಸಿನ ಒಲೆಯ ಮೇಲೆ, ಬಸ್ಸಿನ ಸರಳಿಗೆ, ಬಾವಿಯ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ.

ನಾವಿರುವ ಊರುಗಳ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡಿಸೆಂಬರಿನ ಚಳಿಯಲ್ಲಿ ನಾಶಿಕದ ಸರಾಫ್ ಬಜಾರಿಗೆ ಬೆಳಗ್ಗೆ ಹೋಗಿ ಕೈಗೆ ಸರಿಯಾಗಿ ಕೂತ ಬಳೆ ಕೊಂಡ ನಮ್ಮ ಬಂಧುವೊಬ್ಬರು, ಮೇ ತಿಂಗಳಲ್ಲಿ ಛತ್ರಪತಿ ಸಂಭಾಜಿನಗರದ ಮನೆಯಲ್ಲಿ ಅದನ್ನು ತೆಗೆಯಲಾರದೆ ಒದ್ದಾಡಿದರು. ಸೆಕೆಗೆ ಕೈ ಉಬ್ಬುತ್ತದೆ, ಚಳಿಗೆ ಕುಗ್ಗುತ್ತದೆ. ಬಸುರಿಯ ಕೈಯಂತೂ ಕೊನೆಯ ತಿಂಗಳುಗಳಲ್ಲಿ ಬಾತೇ ಬಾತೀತು. ಸೀಮಂತದ ಹಸಿರು ಬಳೆಯನ್ನು ಒಂದು ಅಳತೆ ಮೇಲಿನದೇ ತೊಡಿಸಿರಿ. ಚಿನ್ನ ಕೊಳ್ಳುವವರು ಸಂಜೆಯ ಹೊತ್ತು, ಊಟವಾದ ಮೇಲೆ ಹೋಗಿ ತೊಟ್ಟು ನೋಡುವುದು ಲೇಸು. ಅಂಗಡಿಯವರು ಕೈಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಬಳೆಯನ್ನು ಜಾರಿಸುವುದುಂಟು. ಉಪಾಯ ಒಳ್ಳೆಯದೇ, ಆದರೆ ಚೀಲವಿಲ್ಲದೆ ಇಳಿಯದ ಬಳೆಯನ್ನು ನಾನಂತೂ ಕೊಳ್ಳುವುದಿಲ್ಲ.

ಬಾಯಿ ಬಿಟ್ಟ ಕಡಗಕ್ಕೂ ಕೊಂಡಿಯ ಬ್ರೇಸ್‌ಲೆಟ್ಟಿಗೂ ಬೇರೆ ಲೆಕ್ಕ. ಇವಕ್ಕೆ ಮಣಿಕಟ್ಟಿನ ಸುತ್ತಳತೆ ಹಿಡಿದು ಒಂದು ಒಂದೂವರೆ ಸೆಂಟಿಮೀಟರು ಕೂಡಿಸಿರಿ. ಒಂದು ಬೆರಳು ಸಲೀಸಾಗಿ ನುಸುಳಿದರೆ ಸರಿ. ಬಾಯಿ ಬಿಟ್ಟ ಕಡಗವನ್ನು ಎರಡೂ ಕೈಯಿಂದ ಹಿಗ್ಗಿಸಿ ತೊಡಬಾರದು. ಮಣಿಕಟ್ಟಿನ ಪಕ್ಕದಿಂದ, ಎಲುಬಿನ ಮೇಲ್ಗಡೆಯ ಮೆತ್ತನೆಯ ಜಾಗದಲ್ಲಿ ಒಂದು ತುದಿ ತೂರಿಸಿ ಕಡಗವನ್ನೇ ತಿರುಗಿಸಬೇಕು. ದಿನವೂ ಬಿಚ್ಚಿ ಮುಚ್ಚಿದ ಲೋಹ ಒಂದು ದಿನ ಟಣ್ಣೆಂದು ಮುರಿಯುತ್ತದೆ. ಬಿದ್ರಿಯ ಕಡಗಕ್ಕಂತೂ ಇಂಥ ಪ್ರಯೋಗವೇ ಸಲ್ಲದು. ಅದು ಬಹುಪಾಲು ಸತು, ಸ್ವಲ್ಪ ತಾಮ್ರ ಕೂಡಿಸಿದ ಎರಕ. ಬೀದರ ಕೋಟೆಯ ಮಣ್ಣಿನಿಂದ ಕಪ್ಪೇರಿ, ಬೆಳ್ಳಿಯ ಕೆತ್ತನೆಯಿಂದ ಹೊಳೆಯುತ್ತದೆ, ಆದರೆ ಬಾಗುವುದಿಲ್ಲ. 1956ರ ನವೆಂಬರಿನವರೆಗೆ ಬೀದರವೂ ಅಂದಿನ ಔರಂಗಾಬಾದೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಮ್ಮ ಸಂಭಾಜಿನಗರದಲ್ಲಿ ಬಿದ್ರಿ ಇನ್ನೂ ಸಿಕ್ಕುವುದಕ್ಕೆ ಈ ಹಳೆಯ ನೆಂಟಸ್ತನವೂ ಕಾರಣವಿರಬೇಕು.

ರಜೆಗೆ ಬಂದ ನೆಂಟರನ್ನು ವೇರುಳಕ್ಕೆ ಕರೆದೊಯ್ಯುವವರು ಒಮ್ಮೆ ಅಲ್ಲಿನ ವಿಗ್ರಹಗಳ ಕೈ ನೋಡಿರಿ. ಎಂಟನೆಯ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನು ಕೊರೆಯಿಸಿದ ಕೈಲಾಸ ದೇವಾಲಯದಲ್ಲಿ ದೇವಿಯರಿಗೂ ಬಳೆ, ದೇವರಿಗೂ ಕಡಗ. ಆ ಶಿಲ್ಪಿ ಸುಖಿ. ಕೈಯನ್ನೂ ಬಳೆಯನ್ನೂ ಒಂದೇ ಕಲ್ಲಿನಲ್ಲಿ ಕಡೆದ, ಅಳತೆ ತಪ್ಪುವ ಭಯವಿರಲಿಲ್ಲ.

ದೂರದ ಊರಿಂದ ಬಳೆ ತರಿಸುವವರಿಗೆ ಒಂದು ಮಾತು. ಚೆನ್ನಾಗಿ ಹೊಂದುವ ಹಳೆಯ ಬಳೆಯನ್ನು ಕಾಗದದ ಮೇಲಿಟ್ಟು ಒಳಗಿನ ಅಂಚನ್ನು ಗೆರೆ ಎಳೆದು ಕಳಿಸಿರಿ. ಹೊರ ಅಂಚು ಎಳೆದರೆ ಕೆಟ್ಟಿತು. ಮೊಬೈಲಿನಲ್ಲಿ ತೆಗೆದ ಚಿತ್ರದಿಂದ ಅಳತೆ ಸಿಕ್ಕದು. ಬಳೆ ಹಿಗ್ಗಿಸುವ ಸಂದರ್ಭ ಬಂದರೆ ಮೊದಲು ಅದು ಗಟ್ಟಿಯೋ ಪೊಳ್ಳೋ ಎಂದು ಕೇಳಿರಿ. ಒಳಗೆ ಅರಗು ತುಂಬಿದ್ದು ಬೆಂಕಿ ತಾಳದು. ಒಳಮೈಯಲ್ಲಿ ಬಿ.ಐ.ಎಸ್. ಗುರುತು, ಶುದ್ಧತೆಯ ಅಂಕಿ, ಆರು ಅಕ್ಷರ-ಅಂಕಿಗಳ ಸಂಖ್ಯೆ ಇರುತ್ತವಷ್ಟೆ. 2023ರ ಏಪ್ರಿಲ್ 1ರಿಂದ ಈ ಸಂಖ್ಯೆ ಕಡ್ಡಾಯವಾಗಿದೆ. ಕತ್ತರಿ ಅದರ ಮೇಲೆ ಬೀಳದಂತೆ ಮೊದಲೇ ಹೇಳಿರಿ.

ಇನ್ನು, ಕೈಗೆ ಪೆಟ್ಟು ಬಿದ್ದರೆ ಬಾವು ಏರುವ ಮೊದಲೇ ಉಂಗುರ, ಬಳೆ ತೆಗೆಯಿರಿ. ಇಳಿಯದಿದ್ದರೆ ಕೈ ಮೇಲೆತ್ತಿ ಹಿಡಿದು ಆಸ್ಪತ್ರೆಗೆ ನಡೆಯಿರಿ. ಬೆರಳು ನೀಲಿಯಾದರೆ, ಜೋಮು ಹಿಡಿದರೆ ಕತ್ತರಿಸಲು ಒಪ್ಪಿಕೊಳ್ಳಿ. ನಾವು ಪಾಟ್ಲಿ ಉಳಿಸುವ ಆಸೆಯಲ್ಲಿ ಕಾಲು ಗಂಟೆ ಕಳೆದೆವು. ಅದು ಇಂದಿಗೂ ನನ್ನ ಮನಸ್ಸನ್ನು ಕೊರೆಯುತ್ತದೆ.

ಆ ಪಾಟ್ಲಿ ಎರಡು ವರ್ಷ ಕಪಾಟಿನಲ್ಲೇ ಇತ್ತು. ಮೊಮ್ಮಗಳ ಮದುವೆ ನಿಶ್ಚಯವಾದಾಗ ಅತ್ತೆಯವರು ತಾವಾಗಿ ಗಂಟು ಬಿಚ್ಚಿದರು. ಕರಗಿಸಿ ಹೊಸದು ಮಾಡಿಸೋಣವೆಂದು ನಾವು, ಬೇಡವೆಂದು ಅವರು. ಕೊನೆಗೆ ಮುರಿದ ಕಡೆ ಒಂದು ಕೀಲು, ಎದುರು ಕಡೆ ಒಂದು ತಿರುಪು ಇರಿಸಿ, ತುಸು ಚಿನ್ನ ಸೇರಿಸಿ ಸರಾಫನು ಅದನ್ನು ಬಿಚ್ಚಿ ಹಾಕುವ ಪಾಟ್ಲಿಯಾಗಿ ಮಾಡಿಕೊಟ್ಟ. ಜೊತೆಯದಕ್ಕೂ ಹಾಗೆಯೇ ಮಾಡಿಸಿದೆವು. ಮೊಮ್ಮಗಳ ಕೈಗೆ ತೊಡಿಸಿ ತಿರುಪು ಬಿಗಿದ ಅತ್ತೆಯವರು, “ಈಗ ಒಮ್ಮೆ ತಗದು ತೋರಸು” ಎಂದರು. ಅವಳು ತೆಗೆದು ತೋರಿಸಿದ ಮೇಲೆಯೇ ಮತ್ತೆ ತೊಡಿಸಿದರು.